ಖಂಡೆಪ್ಪನ ಪುಸ್ತಕದ ಜೋಡಿ

ಸಿಂದಗಿಯ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಖಂಡೆಪ್ಪನನ್ನು ಊರವರು ‘ಆಕ್ಚುವರಿ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಆಕ್ಚುವರಿ ಎಂದರೆ ಎಂಥ ಮನುಷ್ಯ ಎಷ್ಟು ವರ್ಷ ಬದುಕಿಯಾನು ಎಂದು ಗಣಿತ ಹಾಕಿ ವಿಮೆಯ ಕಂತು ಗೊತ್ತು ಮಾಡುವವನು. ಖಂಡೆಪ್ಪ ಆ ಪರೀಕ್ಷೆಗೆ ಇನ್ನೂ ಕೂತಿರಲಿಲ್ಲ, ಕೂಡುವವನಿದ್ದ. ಎಪ್ಪತ್ತೆರಡನೇ ಇಸವಿಯಲ್ಲಿ ಹೆಣ್ಣು ನೋಡಲು ಮನಗೂಳಿಗೆ ಹೋದಾಗಲೂ ಕೂಡುವವನೇ ಇದ್ದ. ಮೊದಲ ಪೇಪರು ಯಾರು ಮೊದಲು ಪಾಸಾಗುತ್ತಾರೋ ಅವರಿಗೆ ಮುಂಬಯಿ ಕಚೇರಿಯಲ್ಲಿ ಒಂದು ಜಾಗ, ಒಂದೇ ಒಂದು. ಅದು ತನ್ನದೇ ಎಂದು ಬೀಗರ ಮುಂದೆ ಮೀಸೆ ತಿರುವಿ ಬಂದಿದ್ದ. ಆ ಮಾತು ನಂಬಿ ಲಗ್ನವಾದ ರುಕ್ಮವ್ವ ಮುಂಬಯಿಗೆಂದೇ ಒಂದು ಟ್ರಂಕು ತುಂಬಿಟ್ಟಿದ್ದಳು. ತವರಿಗೆ ಹೋದಾಗಲೆಲ್ಲ ಅತ್ತಿಗೆಯರು, “ಯಾಕವಾ, ನಿನ್ನ ಮುಂಬೈ ಗಾಡಿ ಇನ್ನೂ ಸಿಂದಗಿ ಸ್ಟ್ಯಾಂಡಿನ್ಯಾಗ ನಿಂತೈತೇನ?” ಎನ್ನುತ್ತಿದ್ದರು.

ಖಂಡೆಪ್ಪ ಸೋಮಾರಿಯೆಂದರೆ ಬಾಯಿಗೆ ಹುಳ ಬಿದ್ದೀತು. ಸೋಮಾರಿ ಅಷ್ಟು ತಿರುಗುವುದಿಲ್ಲ. ಅವನ ತಂದೆ ಯಂಕಂಚಿಯಲ್ಲಿ ಎತ್ತು ಆರಿಸುವುದರಲ್ಲಿ ಹೆಸರಾದವನು. ಸುಳಿ ನೋಡಿ, ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಮನೆಯ ಎತ್ತಿಗೆ ಜೋಡಿ ಕೂಡದಿದ್ದರೆ ಎಂಥ ಎತ್ತನ್ನೂ ಬಿಟ್ಟು ಬರುವವನು. ಮಗ ಆ ವಿದ್ಯೆಯನ್ನು ಪುಸ್ತಕಕ್ಕೆ ಹಚ್ಚಿದ. ಪುಣೆಯಿಂದ ಅಂಚೆಪಾಠದ ಕಟ್ಟು ತರಿಸಿ, ಕಾಗದ ತೆಳ್ಳಗಾಯಿತೆಂದು ತಿರುಗಿ ಕಳಿಸಿದ. ಮುಂಬಯಿಯಿಂದ ಬಂದದ್ದರ ಬೆನ್ನು ಚಪ್ಪರಿಸಿ, “ಹೊಲಿಗಿ ಸಡ್ಲ ಐತಿ” ಅಂದ. ಕಡೆಗೆ ವಿಜಾಪುರದ ಹಳೆ ಪುಸ್ತಕದಂಗಡಿಯಲ್ಲಿ ಲಂಡನ್ನಿನ ಗಣಿತದ ಪುಸ್ತಕ ಸಿಕ್ಕಿತು. ನೀಲಿ ರಟ್ಟು, ಬಂಗಾರದ ಅಕ್ಷರ. ಖಂಡೆಪ್ಪ ಮನಸೋತು ಕೊಂಡ. ಆದರೆ ಅದರ ಲೆಕ್ಕಗಳಿಗೆ ಉತ್ತರವಿರುವ ಜೊತೆಪುಸ್ತಕ ಹೊಸ ಮುದ್ರಣದ್ದಷ್ಟೇ ಇತ್ತು. “ಬ್ಯಾಡ್ರಿ, ವಯಸ್ಸು ಕೂಡೂದಿಲ್ಲ,” ಎಂದು ಎದ್ದು ಬಂದ.

ಅಲ್ಲಿಂದ ಜೋಡಿಯ ಹುಡುಕಾಟ ಶುರುವಾಯಿತು. ಇಂಡಿಯಲ್ಲಿ ನಿವೃತ್ತ ಮಾಸ್ತರರ ಅಟ್ಟ ಹತ್ತಿದ, ಮುದ್ದೇಬಿಹಾಳಕ್ಕೆ ಹೋಗಿ ಬರಿಗೈಲಿ ಬಂದ, ಬಾಗೇವಾಡಿಯ ರದ್ದಿ ಅಂಗಡಿಯಲ್ಲಿ ಮೂಟೆ ಬಿಚ್ಚಿಸಿ ಬೈಸಿಕೊಂಡ. ಓದುವುದೊಂದನ್ನು ಬಿಟ್ಟು ಪುಸ್ತಕಕ್ಕಾಗಿ ಮಾಡಬಹುದಾದ್ದನ್ನೆಲ್ಲ ಮಾಡಿದ. ದಸರೆಯಲ್ಲಿ ಆಯುಧ ಪೂಜಿಸುವ ಖಂಡೆಪೂಜೆಯ ದಿನ ನೀಲಿ ರಟ್ಟಿಗೆ ಕುಂಕುಮ ಹಚ್ಚುತ್ತಿದ್ದ, ಒಳಗಿನ ಹಾಳೆ ಮಾತ್ರ ಮುಟ್ಟುತ್ತಿರಲಿಲ್ಲ. ಜೋಡಿ ಸಿಗದೆ ಹೂಡಿದರೆ ಎತ್ತು ಕೆಡುತ್ತದಲ್ಲವೇ!

ಪಕ್ಕದ ಮೇಜಿನ ಜೈನುದ್ದೀನನೂ ಅದೇ ಪರೀಕ್ಷೆಗೆ ಮನಸ್ಸು ಮಾಡಿದ್ದ. ಅದೇ ಗಣಿತದ ಪುಸ್ತಕದ ರಟ್ಟು ಹರಿದ ಹಳೆಯ ಪ್ರತಿಯೊಂದನ್ನು ಎಲ್ಲಿಂದಲೋ ತಂದ. ಖಂಡೆಪ್ಪ ಬಿಟ್ಟು ಬಂದಿದ್ದ ಆ ಹೊಸ ಉತ್ತರದ ಪುಸ್ತಕವನ್ನು ಕೊಂಡ.

“ಎತ್ತಿನ ಜೋಡಿ ಕೋಣ ಹೂಡಾಕತ್ತೀಯಲ್ಲೋ!” ಎಂದು ಖಂಡೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ನಗುವುದಕ್ಕೆ ಕಾರಣವೂ ಇತ್ತು, ಲೆಕ್ಕಕ್ಕೂ ಉತ್ತರಕ್ಕೂ ತಾಳೆಯಾಗುತ್ತಿರಲಿಲ್ಲ. ತಾಳೆಯಾಗದಾಗ ಜೈನುದ್ದೀನ ಅದೇ ಲೆಕ್ಕವನ್ನು ಮತ್ತೆ ಮಾಡುತ್ತಿದ್ದ, ತಪ್ಪು ಪುಸ್ತಕದ್ದೋ ತನ್ನದೋ ಗೊತ್ತಾಗುವ ತನಕ ಬಿಡುತ್ತಿರಲಿಲ್ಲ. ಹಾಗೆ ಮಾಡಿ ಮಾಡಿ ಎಪ್ಪತ್ತಾರರಲ್ಲಿ ಪಾಸಾದ. ಮುಂಬಯಿಯ ಆ ಒಂದು ಜಾಗ ಅವನದಾಯಿತು.

ಅವನು ಪೇಡೆ ಹಿಡಿದು ಖಂಡೆಪ್ಪನ ಮನೆಗೆ ಬಂದ ದಿನವೇ ಬಸ್ಸಿನಲ್ಲಿ ಪಾರ್ಸೆಲ್ಲು ಬಂದಿತ್ತು. ಖಂಡೆಪ್ಪ ಪೇಡೆಯತ್ತ ನೋಡಲೂ ಇಲ್ಲ. ಗೆಳೆಯನನ್ನು ಕೈಹಿಡಿದು, ನೀಲಿ ಪುಸ್ತಕದ ಪಕ್ಕ ಪಾರ್ಸೆಲ್ಲಿನ ಉತ್ತರದ ಪುಸ್ತಕ ಇಟ್ಟಿದ್ದ ಗೋಡೆಯ ಮಾಡದ ಮುಂದೆ ನಿಲ್ಲಿಸಿದ. ಅದೇ ನೀಲಿ, ಅದೇ ಎತ್ತರ, ಅದೇ ವರ್ಷ.

“ನೋಡೋ ಜೈನುದ್ದೀನ, ಕೂಡೇತೋ ಇಲ್ಲೋ?”

“ಕೂಡೇತ್ರಿ,” ಎಂದ ಜೈನುದ್ದೀನ, ತಲೆ ತಗ್ಗಿಸಿ.

ರುಕ್ಮವ್ವ ಒಳಗೆ ಹೋಗಿ ಟ್ರಂಕು ತೆಗೆದಳು. ಮಡಿಕೆ ಬಿಚ್ಚದ ಇಳಕಲ್ಲ ಸೀರೆಯನ್ನು ತಂದು ಜೈನುದ್ದೀನನ ಕೈಯಲ್ಲಿಟ್ಟಳು. “ಶಮಶಾದಬಿಗೆ ಕೊಡ್ರಿ. ಮುಂಬೈಕ್ಕಂತ ಇಟ್ಟಿದ್ದೆ, ಮುಂಬೈಕ್ಕರೆ ಹೋಗ್ಲಿ.” ಹೆಂಡತಿಯ ಹೆಸರು ಕೇಳಿ ಜೈನುದ್ದೀನ ಪೇಡೆಯ ಪೊಟ್ಟಣವನ್ನು ರುಕ್ಮವ್ವನ ಕೈಗೆ ಕೊಟ್ಟ. ಸೀರೆ ಹಿಡಿದು ಹೊರಬಿದ್ದ.

ಖಂಡೆಪ್ಪ ಇನ್ನೂ ಮಾಡದ ಮುಂದೆಯೇ ಇದ್ದ. “ನೀನೂ ಒಂದ್ ಸಲ ನೋಡ. ಎಂಥಾ ಜೋಡಿ!”

ರುಕ್ಮವ್ವ ಬಂದು ನೋಡಿದಳು.

“ಎತ್ತು ಭಾಳ ಚಂದ ಅದಾವ್ರಿ,” ಎಂದಳು. “ಹೂಡಾಕ ಹೊಲಾನ ಉಳೀಲಿಲ್ಲ.”