ನಾನು ಸಭೆ ಬಿಟ್ಟ ಎರಡು ವರ್ಷ

ಗಂಡ ನನ್ನನ್ನು ಬಿಟ್ಟು ಹೋದ ಮೇಲೆ ಒಂದು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ. ಬಳ್ಳಾರಿಯಲ್ಲಿ ಕೆಲಸ ಸಿಕ್ಕಿದೆ, ಹಬ್ಬಕ್ಕೆ ಬರುತ್ತಾರೆ ಎನ್ನುತ್ತಿದ್ದೆ. ಮಸ್ಕಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಮಾಲೀಕರಿಗೆ ಹೇಳಿದ್ದು ಅದನ್ನೇ, ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ಅದನ್ನೇ. ಆ ವರ್ಷವೇ ತೀರಿಕೊಂಡ ನನ್ನ ಅವ್ವ ಕೂಡ ಅಳಿಯ ಕೆಲಸಕ್ಕೆ ಹೋಗಿದ್ದಾನೆಂದೇ ನಂಬಿ ಕಣ್ಣು ಮುಚ್ಚಿದಳು. ಅವನು ಬಳ್ಳಾರಿಯಲ್ಲಿದ್ದದ್ದು ನಿಜ. ಆದರೆ ಅಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ.

ಭಾನುವಾರ ಆರಾಧನೆಗೆ ನಾನು ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತಗಡಿನ ಚಾವಣಿಯ ಸಣ್ಣ ಚರ್ಚು, ನಮ್ಮ ಬಾಯಲ್ಲಿ ಸಭೆ. ಅವ್ವ ಇದ್ದದ್ದು ಗೊರೇಬಾಳದಲ್ಲಿ. ದಿನವಿಡೀ ಭತ್ತದ ನಾಟಿ ಹಚ್ಚಿ ಬಂದು, ಕಾಲಿನ ಕೆಸರು ತೊಳೆದು, ಒಲೆ ಹೊತ್ತಿಸುವ ಮೊದಲು ಮೊಣಕಾಲೂರುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಬೈಬಲ್ಲಿನ ವಾಕ್ಯ ಓದುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಹೀಗೆ ಅವ್ವನ ನಂಬಿಕೆಯನ್ನೇ ನನ್ನದೂ ಅಂದುಕೊಂಡು ನಲವತ್ತು ವರ್ಷ ದಾಟಿಸಿದ್ದೆ. ಅವಳು ಹೋದ ಮೇಲೆ ನೋಡಿದರೆ ನನ್ನ ಕೈಯಲ್ಲಿ ಓದುವ ರೂಢಿಯೊಂದೇ ಉಳಿದಿತ್ತು.

ಲಿಂಗಸುಗೂರಿನ ಸಭೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬಳಿದ್ದಳು. ಅಂಗನವಾಡಿ ಕೆಲಸದಿಂದ ನಿವೃತ್ತಿಯಾದವಳು, ವಿಧವೆ. ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅವ್ವನ ಮಣ್ಣಿಗೆ ಬಂದು, ಮೂರು ದಿನ ನನ್ನ ಜೊತೆ ಇದ್ದು, ಅಡುಗೆ ಮಾಡಿ ಉಣ್ಣಿಸಿ ಹೋದವಳು ಅವಳೊಬ್ಬಳೇ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಗಂಡ ಅವ್ವನ ಮಣ್ಣಿಗೂ ಬರಲಿಲ್ಲ. ಏನೈತಿ ಹೇಳವ್ವಾ."

"ಏನಿಲ್ರೀ ಅಕ್ಕಾ. ರಜಾ ಸಿಗಲಿಲ್ಲ."

"ನನ್ನ ಮುಂದ ಸುಳ್ಳು ಹೇಳಬ್ಯಾಡ. ನಿನ್ನ ಮಾತು ನನ್ನ ಹೊಟ್ಟ್ಯಾಗ ಇರ್ತೈತಿ, ಹೊರಗ ಹೋಗಂಗಿಲ್ಲ."

ಹೇಳಿಬಿಟ್ಟೆ. ಒಂದು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಪೂರ್ತಿ ಹೇಳಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಅಂದು ಬಸ್ಸಿನಲ್ಲಿ ಬರುವಾಗ ಮೈ ಎಷ್ಟು ಹಗುರಾಗಿತ್ತೆಂದರೆ ಮಸ್ಕಿಯ ನಿಲ್ದಾಣ ಬಂದದ್ದೇ ಗೊತ್ತಾಗಲಿಲ್ಲ.

ಮುಂದಿನ ವಾರ ಹೆಂಗಸರ ಕೂಟದಲ್ಲಿ ಅಕ್ಕ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಎಂದಿನ ಏರು ದನಿಯಲ್ಲಿ ಪ್ರಾರ್ಥಿಸಿದಳು. ರೋಗಿಗಳಿಗಾಗಿ ಬೇಡಿದಳು, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಬೇಡಿದಳು. ಆಮೇಲೆ ಅಂದಳು: "ಪ್ರಭುವೇ, ನಮ್ಮ ಟೀಚರಮ್ಮನ ಗಂಡ ಆಕಿನ್ನ ಬಿಟ್ಟು ಮತ್ತೊಬ್ಬಾಕಿ ಮನ್ಯಾಗ ಕುಂತಾನ. ಅವನ ಮನಸ್ಸು ತಿರುಗಿಸಪ್ಪಾ."

ಎಲ್ಲರೂ ಆಮೆನ್ ಅಂದರು. ರೂಢಿಯ ಬಲದಿಂದ ನನ್ನ ಬಾಯಿಂದಲೂ ಆಮೆನ್ ಬಂತು. ಕಣ್ಣು ತೆರೆದಾಗ ಮುಂದಿನ ಸಾಲಿನ ಇಬ್ಬರು ತಿರುಗಿ ನನ್ನನ್ನೇ ನೋಡುತ್ತಿದ್ದರು.

ಕೂಟ ಮುಗಿಯುವ ಮೊದಲೇ ಎದ್ದು ಬಂದೆ. ಅಕ್ಕ ಫೋನು ಮಾಡಿದಳು, ಎತ್ತಲಿಲ್ಲ. ಪಾಸ್ಟರು ಮಸ್ಕಿಯವರೆಗೂ ಬಂದರು, ಚಹಾ ಕೊಟ್ಟು ಕಳಿಸಿದೆ. ಹಾಗೆ ಬಿಟ್ಟವಳು ಎರಡು ವರ್ಷ ಸಭೆಯ ಮೆಟ್ಟಿಲು ಹತ್ತಲಿಲ್ಲ.

ಭಾನುವಾರ ಬಂದರೆ ಏನು ಮಾಡುವುದು ಎಂದು ತಿಳಿಯುತ್ತಿರಲಿಲ್ಲ. ಬಟ್ಟೆ ಒಗೆದರೂ, ಮಕ್ಕಳ ನೋಟ್‌ಬುಕ್ ತಿದ್ದಿದರೂ ಹನ್ನೊಂದಾಗಿರುತ್ತಿರಲಿಲ್ಲ. ಮನೆ ಮಾಲೀಕರ ಹೆಂಡತಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ ಬಾಗಿಲಿಗೆ ಬಂದು ಕೇಳುತ್ತಿದ್ದಳು: "ಇವತ್ತೂ ನಿಮ್ಮ ಚರ್ಚಿಗೆ ಹೋಗ್ಲಿಲ್ಲೇನ್ರೀ ಟೀಚರ್?" ತಲೆನೋವು ಎನ್ನುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಯಾರಾದರೂ ಕೇಳುತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದು ಆಗ.

ಪ್ರಾರ್ಥನೆ ಬಿಟ್ಟಿರಲಿಲ್ಲ; ಅಥವಾ ಹಾಗೆಂದು ತಿಳಿದಿದ್ದೆ. ಬೆಳಿಗ್ಗೆ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದರೆ ಎದುರಿಗೆ ಅಕ್ಕನೇ ಬಂದು ನಿಲ್ಲುತ್ತಿದ್ದಳು. ಅವಳಿಗೆ ಏನೇನು ಅನ್ನಬೇಕಿತ್ತೋ ಅದನ್ನೆಲ್ಲ ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅರ್ಧ ಗಂಟೆ ಅವಳ ಜೊತೆ ಜಗಳವಾಡಿ, ಕೊನೆಗೆ ಆಮೆನ್ ಹೇಳಿ ಏಳುತ್ತಿದ್ದೆ. ದೇವರ ಜೊತೆ ಒಂದು ಮಾತೂ ಆಡಿರುತ್ತಿರಲಿಲ್ಲ. ಆದರೂ ಸಭೆಗೆ ಹೋಗುವವರಿಗಿಂತ ನನ್ನ ಭಕ್ತಿಯೇ ಶುದ್ಧವೆಂಬ ಹಮ್ಮು ಒಳಗೊಳಗೇ ಬೆಳೆಯುತ್ತಿತ್ತು.

ನನ್ನ ಶಾಲೆ ಇದ್ದದ್ದು ಸಂತೆಕಲ್ಲೂರಿನ ಕಡೆಯ ಒಂದು ಹಳ್ಳಿಯಲ್ಲಿ. ಎರಡನೆಯ ವರ್ಷದ ಚಳಿಗಾಲದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ವಾರಗಟ್ಟಲೆ ಬರಲಿಲ್ಲ. ಮನೆಗೆ ಹೋದೆ. ಅವಳ ತಾಯಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಹುಡುಗಿಗೆ ಮೂರ್ಛೆ ರೋಗ ಶುರುವಾಗಿತ್ತು. ಸಿಂಧನೂರಿನಲ್ಲಿ ಡಾಕ್ಟರಿಗೆ ತೋರಿಸಿ ಗುಳಿಗೆ ನಡೆಸಿದ್ದರು.

"ಯಾರ ಮುಂದೂ ಅನಬ್ಯಾಡ್ರೀ ಟೀಚರ್. ನಾಳೆ ಆಕಿ ಲಗ್ನಕ್ಕ ಅಡ್ಡ ಬರ್ತೈತಿ. ನಿಮ್ಮನ್ನ ನಂಬಿ ಹೇಳೀನಿ."

"ಇಲ್ಲವ್ವಾ, ನಾನ್ಯಾಕ ಅನ್ನಲಿ. ಆಕಿನ್ನ ಸಾಲಿಗೆ ಕಳಸು, ನಾ ನೋಡ್ಕೊಂತೀನಿ."

ಹುಡುಗಿ ಬಂದಳು. ನಾಲ್ಕೈದು ದಿನ ಕಳೆದಿರಬಹುದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇನ್ನೊಬ್ಬ ಟೀಚರ್ ಆ ಹುಡುಗಿಯನ್ನು ಸೋಮಾರಿ ಎಂದು ಬೈದರು. "ಹಂಗನಬ್ಯಾಡ್ರೀ, ಪಾಪ, ಆಕಿಗೆ ಮೂರ್ಛೆ ಬರ್ತೈತಿ," ಅಂದೆ. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಕನಿಕರದಿಂದಲೇ ಅಂದೆ. ಬಿಸಿಯೂಟ ಬಡಿಸುವವಳು ಬಾಗಿಲಲ್ಲೇ ನಿಂತಿದ್ದಳು.

ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ಎದ್ದು ಹಿಂದಿನ ಸಾಲಿಗೆ ಹೋದಳು. ಆ ಹುಡುಗಿ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಅವಳು ಬಾರದ ಆ ದಿನ ಸಂಜೆ ಚಾಪೆಯ ಮೇಲೆ ಕೂತಾಗ ಎದುರಿಗೆ ಅಕ್ಕ ಬರಲಿಲ್ಲ. ನಾನೇ ನಿಂತಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ದೇವರ ಮುಂದೆ ಬರಿಗೈಯಲ್ಲಿ ಕೂತೆ. "ತಪ್ಪು ಮಾಡೀನಪ್ಪಾ," ಅಂದೆ.

ಬೆಳಿಗ್ಗೆ ಹುಡುಗಿಯ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೂತುಕೊಳ್ಳಿ ಅನ್ನಲಿಲ್ಲ. ನಿಂತೇ ಹೇಳಿದೆ: "ನನ್ನ ಬಾಯಿಂದಲೇ ಹೋತವ್ವಾ. ನನ್ನದು ತಪ್ಪಾತು."

ಅವಳು ಮೊರದಲ್ಲಿದ್ದ ಜೋಳವನ್ನು ಎರಡು ಸಲ ಕೇರಿದಳು. "ನೀವು ದೇವರು ದಿಂಡರು ಅನ್ನೋರು ಅಂತ ನಿಮ್ಮ ಮುಂದ ಹೇಳಿದ್ನಿರೀ," ಅಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆ ಬೇಸಿಗೆಯಲ್ಲಿ ಹುಡುಗಿಯನ್ನು ಬಳಗಾನೂರಿನ ಅವಳ ಸೋದರಮಾವನ ಮನೆಗೆ ಕಳಿಸಿ ಅಲ್ಲಿಯ ಶಾಲೆಗೆ ಹಚ್ಚಿದರು. ತಾಯಿ ಇವತ್ತಿಗೂ ನಾನು ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾಳೆ.

ಆ ತಾಯಿಯ ಮುಂದೆ ತಪ್ಪೊಪ್ಪಿಕೊಂಡು ಬಂದ ವಾರವೇ ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ಅಕ್ಕನನ್ನು ಕ್ಷಮಿಸಿದ್ದೆನೆಂದು ಹೇಳಲಾರೆ. ಅವಳು ಮಾಡಿದ್ದನ್ನೇ ನಾನೂ ಮಾಡಿದೆ ಎಂದು ಯಾರಿಗಾದರೂ ಹೇಳಬೇಕಿತ್ತು; ಅದನ್ನು ಕೇಳಿಸಿಕೊಳ್ಳಬೇಕಾದವಳು ಅವಳೇ.

ಬಾಗಿಲು ತೆರೆದದ್ದು ಅಕ್ಕನ ಸೊಸೆ. "ನಿಮಗ ಗೊತ್ತಿಲ್ಲೇನ್ರೀ? ಲಕ್ವಾ ಹೊಡದು ಆರು ತಿಂಗಳಾತು," ಅಂದಳು.

ಅಕ್ಕ ಮಂಚದ ಮೇಲಿದ್ದಳು. ಬಲಗೈ ಎದೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾಯಿ ಒಂದು ಕಡೆ ವಾಲಿತ್ತು. ಮಾತು ಪೂರ್ತಿ ಹೋಗಿತ್ತು. ಸಭೆಯ ತಗಡು ನಡುಗುವಂತೆ ಪ್ರಾರ್ಥಿಸುತ್ತಿದ್ದವಳ ಗಂಟಲಿನಿಂದ ಈಗ ಗೊರಗೊರ ಸದ್ದಷ್ಟೇ ಬರುತ್ತಿತ್ತು. ಸೊಸೆ ಒಳಗೆ ಹೋದಾಗ ನಾನು ಮಂಚದ ತುದಿಗೆ ಕೂತೆ.

"ಅಕ್ಕಾ, ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟಿತ್ತು. ಈಗ ನಾನೂ ಅದನ್ನ ಮಾಡೀನಿ. ಒಂದು ಹುಡುಗಿ ಸಾಲಿ ಬಿಟ್ಟಾಳ."

ಅಕ್ಕನ ಕಣ್ಣಿಂದ ದಳದಳ ನೀರು ಇಳಿಯಿತು. ನಾನೂ ಅಳತೊಡಗಿದೆ. ಅವಳಿಗೆ ಎಲ್ಲ ತಿಳಿಯಿತು, ನಮ್ಮಿಬ್ಬರ ನಡುವೆ ಎಲ್ಲ ಸರಿಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಸೊಸೆ ಚಹಾ ತಂದಳು.

"ನೀವು ಮನಸ್ಸಿಗೆ ಹಚ್ಕೋಬ್ಯಾಡ್ರೀ. ಲಕ್ವಾ ಆದಾಗಿಂದ ಎಲ್ಲಾದಕ್ಕೂ ಅಳ್ತಾಳ. ಫ್ಯಾನ್ ಹಚ್ಚಿದರೂ ಅಳ್ತಾಳ, ಆರಿಸಿದರೂ ಅಳ್ತಾಳ."

ಆ ಕಣ್ಣೀರು ಯಾವುದಕ್ಕಾಗಿ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಭಾನುವಾರ ಸಭೆಗೆ ಹೋದೆ. ಒಬ್ಬಳು ಹತ್ತಿರ ಬಂದು, ಸುತ್ತಿ ಬಳಸಿ, ಯಜಮಾನರು ಈಗ ಎಲ್ಲಿದ್ದಾರೆ ಎಂದು ಕೇಳಿದಳು. "ನನ್ನನ್ನ ಬಿಟ್ಟು ಹೋಗ್ಯಾರ್ರೀ," ಅಂದೆ. ಅವಳಿಗೆ ಮುಂದೆ ಕೇಳಲು ಏನೂ ಉಳಿಯಲಿಲ್ಲ. ಎರಡು ವರ್ಷ ಹೆದರಿದ್ದು ಇಷ್ಟಕ್ಕೇನಾ ಅನ್ನಿಸಿತು.

ಅಂದಿನಿಂದ ಆರಾಧನೆ ಮುಗಿಸಿ ಅಕ್ಕನ ಮನೆಗೆ ಹೋಗುವುದು ರೂಢಿಯಾಯಿತು. ಸೊಸೆಗೆ ಅಷ್ಟು ಹೊತ್ತು ಬಿಡುವು ಸಿಗುತ್ತಿತ್ತು. ತಲೆ ಬಾಚುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ, ವಾಕ್ಯ ಓದುತ್ತಿದ್ದೆ. ಕೆಲವು ದಿನ ಅವಳ ಮೇಲಿನ ಹಳೆಯ ಸಿಟ್ಟು ಚಮಚ ಹಿಡಿದ ಕೈಯಲ್ಲೇ ಏಳುತ್ತಿತ್ತು. ಗಂಜಿ ಬೇಗ ಬೇಗ ಹಾಕಿದರೆ ಅವಳಿಗೆ ನೆತ್ತಿಗೇರುತ್ತಿತ್ತು. ಹಾಗಾಗಿ ಸಿಟ್ಟಿದ್ದ ದಿನವೂ ನಿಧಾನ ಮಾಡಲೇಬೇಕಾಗುತ್ತಿತ್ತು. ಆ ನಿಧಾನ ಕೈಗೆ ರೂಢಿಯಾಗಿ, ಎಷ್ಟೋ ತಿಂಗಳ ಮೇಲೆ ಮನಸ್ಸಿಗೂ ಬಂತು. ಆಮೇಲೆ ಅವಳ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಬಾಯಿ ತೆರೆಯದೆ ಪ್ರಾರ್ಥಿಸುವುದನ್ನು ನಾನು ಕಲಿತದ್ದು ಆ ಮಂಚದ ಪಕ್ಕದಲ್ಲಿ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ತೀರಿಕೊಂಡಳು. ಮಣ್ಣು ಮಾಡಿದ ಮುಂದಿನ ಭಾನುವಾರ ಆರಾಧನೆ ಮುಗಿದಾಗ ಹೋಗಲು ಮನೆ ಇರಲಿಲ್ಲ. ನೇರ ಬಸ್ ನಿಲ್ದಾಣಕ್ಕೆ ಬಂದೆ. ಮಸ್ಕಿಯ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಅಲ್ಲಿ ಹೋದರೂ ದಾರಿ ಕಾಯುವವರು ಯಾರೂ ಇರಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕೂತು ಬಳ್ಳಾರಿಯಲ್ಲಿದ್ದವನ ಹೆಸರನ್ನು ಮನಸ್ಸಿನಲ್ಲೇ ದೇವರ ಮುಂದೆ ತೆಗೆದೆ. ತಿರುಗಿ ಕಳಿಸು ಎಂದು ಬೇಡಲಿಲ್ಲ. ಚೆನ್ನಾಗಿಡು ಅಂದೆ. ಹಾಗೆ ಅನ್ನುವಾಗ ಒಳಗೆ ಉರಿಯಿತು, ಆದರೂ ಅಂದೆ. ಮೂರನೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಖಾಲಿ ಕಂಡಿತು, ಹತ್ತಿ ಕೂತೆ.