ಕರಡಿಗೆ ಇದ್ದರೆ ಮಾತ್ರ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಸಣ್ಣ ಪತ್ರಿಕೆಯ ಕಚೇರಿ. ಅಲ್ಲಿ ನಾನು ಟೈಪ್ ಮಾಡುವವನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸುದ್ದಿ, ಜಾಹೀರಾತು, ಪೊಲೀಸ್ ಪ್ರಕಟಣೆ ಎಲ್ಲವೂ ನನ್ನ ಕೈ ದಾಟಿಯೇ ಅಚ್ಚಿಗೆ ಹೋಗಬೇಕು.

ಕಂಪ್ಯೂಟರ್ ಅರ್ಧಂಬರ್ಧ ಕಲಿತವನಿಗೆ ಕೈ ಸುಮ್ಮನಿರುವುದಿಲ್ಲ. ನಾನೂ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸಾಮಾನ್ಯವಾಗಿ ಬರಹ ಒಂದು ಕಡೆ ಕೂತಿರುತ್ತದೆ, ನಾವು ಹೋಗಿ ಹುಡುಕುತ್ತೇವೆ. ನನ್ನದು ಉಲ್ಟಾ. ಜನರಿಗೆ ಬೇಕಾದದ್ದನ್ನು ಮೊದಲೇ ಬರೆದಿಡುವುದು. ಹೊಸ ಬರಹ ಬಂದಾಗ ಯಂತ್ರ ಅದನ್ನು ಗಳಿಗೆ ಹೊತ್ತು ನೆನಪಿನಲ್ಲಿ ಹಿಡಿದು, ಬರೆದಿಟ್ಟ ಒಂದೊಂದು ಹುಡುಕಾಟಕ್ಕೂ ತಾಳೆ ಹಾಕುತ್ತದೆ. ಹೊಂದಿದರೆ ಟಿಣ್ ಎನ್ನುತ್ತದೆ, ಇಲ್ಲದಿದ್ದರೆ ಆ ಬರಹವನ್ನು ಮರೆತುಬಿಡುತ್ತದೆ. ವಕೀಲರೊಬ್ಬರು ಒಂದು ಸರ್ವೆ ನಂಬರ್ ಕೊಟ್ಟಿದ್ದರು. ಗುಡೇಕೋಟೆಯ ಒಬ್ಬರಿಗೆ ಹುಣಸೆಮರಗಳ ಹರಾಜು ಬೇಕಿತ್ತು. ನಾಲ್ಕು ಜನ ಹೊಗಳಿದರು, ನಾನೂ ಉಬ್ಬಿದೆ.

ಹೀಗಿರುವಾಗ ಒಬ್ಬ ಅಕ್ಕ ಬಂದಳು. ಅವಳ ತಮ್ಮ ಟೈಲರ್, ಮದುವೆಯಾಗದವನು. ಆಗಾಗ ಮನಸ್ಸು ಕೆಟ್ಟು ಮನೆ ಬಿಟ್ಟು ಹೋಗುತ್ತಿದ್ದ, ವಾರದೊಳಗೆ ವಾಪಸ್ಸಾಗುತ್ತಿದ್ದ. ಆ ಸಲ ಆರು ತಿಂಗಳಾದರೂ ಬಂದಿರಲಿಲ್ಲ. ಗುರುತು ಕೇಳಿದೆ. ನಲವತ್ತರ ವಯಸ್ಸು, ಎಣ್ಣೆಗೆಂಪು ಬಣ್ಣ, ಎಡಗೈ ತೋರುಬೆರಳಿನ ಉಗುರಿನ ನಡುವೆ ಮಷೀನಿನ ಸೂಜಿ ಹೊಕ್ಕ ಕಲೆ, ಕೊರಳಲ್ಲಿ ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ. ಇವುಗಳಲ್ಲಿ ಯಾವ ಎರಡು ಹೊಂದಿದರೂ ಟಿಣ್ ಎನ್ನುವಂತೆ ಬರೆದಿಟ್ಟೆ.

ಅಪರಿಚಿತ ಶವದ ಪ್ರಕಟಣೆ ಬಂದಾಗ ಎರಡು ಸಲ ಟಿಣ್ ಎಂದಿತು. ಎರಡು ಸಲವೂ ನಾನೇ ಫೋನ್ ಮಾಡಿದೆ. ಮೊದಲು ಹಡಗಲಿಗೆ ಹೋದಳು, ಆಮೇಲೆ ಹಗರಿಬೊಮ್ಮನಹಳ್ಳಿಗೆ. ಎರಡು ಸಲವೂ ಬಟ್ಟೆ ಸರಿಸಿದಾಗ ಕಂಡದ್ದು ಬೇರೆಯವರ ಮುಖ. ಎರಡನೆಯ ಸಲ ವಾಪಸ್ ಬಂದವಳು ಕಚೇರಿಯ ಮೆಟ್ಟಿಲ ಮೇಲೆ ಕುಸಿದಳು.

"ಯಪ್ಪಾ, ಇನ್ನೊಂದ್ಸಲ ಹೆಣದ ಮುಖ ನೋಡಾಕ ನನ್ನ ಕೈಲಿ ಆಗಂಗಿಲ್ಲ. ಕೊರಳಾಗ ಕರಡಿಗಿ ಐತಿ ಅಂದ್ರಷ್ಟಽ ಹೇಳು. ನನ್ನ ತಮ್ಮ ಜೀವ ಬಿಟ್ಟಾನು, ಲಿಂಗ ಬಿಡಾಂವಲ್ಲ."

ಅವಳೆದುರಿಗೇ ಪ್ರೋಗ್ರಾಂ ತಿದ್ದಿದೆ. ಉಳಿದದ್ದು ಏನೇ ಹೊಂದಲಿ, ಕರಡಿಗೆ ಇರಲೇಬೇಕು. ಅವಳ ಮೇಲಿನ ಕನಿಕರ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಫೋನ್ ಮಾಡುವ ಕೆಲಸ ತಪ್ಪಿತಲ್ಲ ಎಂದು ನನಗೂ ಹಾಯೆನಿಸಿತ್ತು.

ಅದಾದ ಮೇಲೆ ಅವಳ ಪಾಲಿಗೆ ಯಂತ್ರ ತುಟಿ ಬಿಚ್ಚಲಿಲ್ಲ. ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಇಲ್ಲವೆಂದು ತಲೆಯಾಡಿಸಿದರೆ, "ಹಂಗಾರ ಎಲ್ಲೋ ಅದಾನ," ಎನ್ನುತ್ತಾ ಹೋಗುತ್ತಿದ್ದಳು.

ಮುಂದಿನ ವರ್ಷ ದೀಪಾವಳಿಗೆ ಸುಣ್ಣ ಹಚ್ಚಲೆಂದು ಹೊಲಿಗೆ ಮಷೀನು ಸರಿಸಿದ್ದಾಳೆ. ಬಾಬಿನ್ ಇಡುವ ಡ್ರಾಯರಿನಲ್ಲಿ, ಶರ್ಟಿನ ತುಂಡುಬಟ್ಟೆಯಲ್ಲಿ ಸುತ್ತಿದ ಕರಡಿಗೆ ಸಿಕ್ಕಿದೆ. ಕೈಗಂಟಿದ ಸುಣ್ಣವನ್ನೂ ತೊಳೆಯದೆ ಓಡಿ ಬಂದಿದ್ದಳು.

"ಬಿಚ್ಚಿಟ್ಟು ಹೋಗ್ಯಾನಪಾ," ಎಂದಳು.

ಕರಡಿಗೆಯ ಷರತ್ತನ್ನು ಆಗಲೇ ತೆಗೆದುಹಾಕಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬರೆದಿಟ್ಟ ಹುಡುಕಾಟ ಮುಂದೆ ಬರುವುದನ್ನಷ್ಟೇ ನೋಡುತ್ತದೆ. ಹಿಂದೆ ಹಾದುಹೋದದ್ದು ಯಂತ್ರದ ಪಾಲಿಗೆ ಬಂದೇ ಇಲ್ಲ. ಅವಳನ್ನು ಮನೆಗೆ ಕಳಿಸಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ.

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಯಾಕೆಂದರೆ ಅದು ನನಗೆ ನೆನಪಿತ್ತು. ನೀಲಗುಂದದ ಕಡೆ ಹೊಲದ ಬದುವಿನಲ್ಲಿ ಅಪರಿಚಿತ ಗಂಡಸಿನ ಶವ. ಸುಮಾರು ನಲವತ್ತು ವರ್ಷ, ಎಡಗೈ ತೋರುಬೆರಳಿನ ಉಗುರಿನಲ್ಲಿ ಹಳೆಯ ಗಾಯದ ಕಲೆ, ಮೈಮೇಲೆ ಯಾವುದೇ ಒಡವೆ ಇಲ್ಲ. ಮೂರು ದಿನ ಹರಪನಹಳ್ಳಿ ಆಸ್ಪತ್ರೆಯಲ್ಲಿ ಇಡಲಾಗುವುದು, ವಾರಸುದಾರರು ಸಂಪರ್ಕಿಸಬೇಕು. ಟೈಪ್ ಮಾಡಿದವನು ನಾನೇ. ಬೆರಳಿನ ಕಲೆಯ ಸಾಲಿಗೆ ಬಂದಾಗ ನನ್ನ ಕೈ ನಿಂತಿತ್ತು. ಅಕ್ಕನ ನೆನಪೂ ಬಂದಿತ್ತು. ಯಂತ್ರ ಸುಮ್ಮನಿದೆಯಲ್ಲ, ಅವನಾಗಿರಲಾರ ಎಂದುಕೊಂಡು ಮುಂದಿನ ಸಾಲಿಗೆ ಹೋಗಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಮರುದಿನ ಇಬ್ಬರೂ ಹರಪನಹಳ್ಳಿಗೆ ಹೋದೆವು. ಠಾಣೆಯಲ್ಲಿ ಫೋಟೋ ತೋರಿಸಿದರು. ಅವಳು ಅಳಲಿಲ್ಲ, ಸೆರಗಿನಿಂದ ಫೋಟೋದ ಮೇಲಿನ ಧೂಳು ಒರೆಸಿದಳು. ಶವ ಹೂಳಿದ ಮುದುಕನೊಬ್ಬ ಜಾಗ ತೋರಿಸಲು ಜೊತೆಗೆ ಬಂದ. ಗುಡ್ಡೆಯೂ ಉಳಿದಿರಲಿಲ್ಲ, ಜಾಲಿ ಚಿಗುರಿತ್ತು.

"ಕುಂದ್ರಿಸಿ ಮಣ್ಣು ಮಾಡೀರೋ, ಮಲಗಿಸಿ ಮಾಡೀರೋ?" ಎಂದು ಕೇಳಿದಳು. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟೇ ಮಣ್ಣು ಮಾಡುವುದು.

ಮುದುಕ ನೆಲ ನೋಡಿದ. "ಮಲಗಿಸಿ, ಯವ್ವಾ. ನಮಗೇನು ಗೊತ್ತು ಯಾರಂತ."

ಅವಳು ಕೂತು ಬರಿಗೈಯಲ್ಲೇ ಮಣ್ಣು ಕೆದರಿದಳು. ಕರಡಿಗೆಯಿಂದ ಲಿಂಗ ತೆಗೆದು, "ಎಡಗೈ ಯಾವ ಕಡಿಗೆ ಬರ್ತೈತಿ?" ಎಂದಳು. ಮುದುಕ ನೆನಪು ಮಾಡಿಕೊಂಡು ತೋರಿಸಿದ. ಅಲ್ಲಿ ಲಿಂಗವಿಟ್ಟು ಮಣ್ಣು ಮುಚ್ಚಿದಳು. ನಾನು ದೂರದಲ್ಲೇ ನಿಂತಿದ್ದೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಹೊರಟೆವು. ಕೊಟ್ಟೂರು ಹತ್ತಿರವಾದಾಗ ಅವಳೇ ಬಾಯಿ ತೆರೆದಳು.

"ಮಷೀನಿಂದೇನೂ ತಪ್ಪಿಲ್ಲ ಬಿಡಪಾ. ನಾ ಹೇಳಿದ್ದನ್ನಽ ಮಾಡೈತಿ. ಆ ಮೂರು ದಿನದಾಗ ನಿನಗೊಂದೀಟು ಅನುಮಾನ ಬಂದಿದ್ರೂ ನೀ ನನಗ ಫೋನ್ ಮಾಡ್ತಿದ್ದಿ. ಅಷ್ಟು ನನಗ ಗೊತ್ತೈತಿ."

"ಹೌದಕ್ಕಾ," ಎಂದೆ.