ಎರಡು ವೈರು ಅದಲು ಬದಲು

ಬ್ರಷ್ಷಿಲ್ಲದ ಮೋಟಾರಿನ ಮೇಲೆ ನನಗಿರುವ ದ್ವೇಷಕ್ಕೆ ಶಾಸ್ತ್ರಾಧಾರವಿದೆ. ನಾನು ಅಜ್ಜಂಪುರದಲ್ಲಿ ನೆಲೆಸಿರುವ ನಿವೃತ್ತ ವಿಜ್ಞಾನದ ಮೇಷ್ಟ್ರು. ಸೇವೆಯಲ್ಲಿದ್ದಷ್ಟು ಕಾಲವೂ ಕಪ್ಪು ಹಲಗೆಯ ಮೇಲೆ ಡಿಸಿ ಮೋಟಾರಿನ ಚಿತ್ರ ಬರೆದಿದ್ದೇನೆ. ಎರಡು ಬದಿಗೆ ಅಯಸ್ಕಾಂತ, ನಡುವೆ ಸುತ್ತುವ ಸುರುಳಿ, ಅದರ ಕೊನೆಗೆ ಸೀಳುಂಗುರ, ಉಂಗುರಕ್ಕೆ ಒರಗಿದ ಎರಡು ಇಂಗಾಲದ ಬ್ರಷ್ಷು. ಬ್ರಷ್ಷು ಬಿಟ್ಟು ಬರೆದವರ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ್ದೇನೆ. ಈಗ ನೋಡಿದರೆ, ಬ್ರಷ್ಷೂ ಇಲ್ಲದ, ಉಂಗುರವೂ ಇಲ್ಲದ, ಸುರುಳಿ ಜಡವಾಗಿ ಕೂತು ಅಯಸ್ಕಾಂತವೇ ಸುತ್ತುವ ಒಂದು ನಾಸ್ತಿಕ ಯಂತ್ರ ನನ್ನ ಸ್ಕೂಟರಿನ ಹಿಂದಿನ ಚಕ್ರದೊಳಗೇ ಮನೆ ಮಾಡಿಕೊಂಡಿದೆ.

ಅದನ್ನು ಮನೆಗೆ ತರುವ ಗತಿ ಬಂದದ್ದು ತರೀಕೆರೆಯ ಕಣ್ಣಿನ ಡಾಕ್ಟರಿಂದ. ಲೈಸೆನ್ಸ್ ನವೀಕರಣದ ಕಾಗದಕ್ಕೆ ಅವರು ಸಹಿ ಹಾಕಲಿಲ್ಲ. "ಸಾರ್, ಎಡಗಣ್ಣಲ್ಲಿ ನೀವು ನೋಡ್ತಾ ಇಲ್ಲ. ಊಹೆ ಮಾಡ್ತಾ ಇದೀರ" ಎಂದರು. ಅಂದಿನಿಂದ ನಾನು ಭಾವಮೈದನ ಬೈಕಿನ ಹಿಂದಿನ ಸೀಟಿಗೆ ಬಿದ್ದೆ.

ಈ ಭಾವಮೈದ ನನ್ನ ಹೆಂಡತಿಯ ತಮ್ಮ. ನಮ್ಮ ಹಿಂದಿನ ಬೀದಿಯಲ್ಲೇ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ. ಮದುವೆಯ ದಿನದಿಂದಲೂ ನಮ್ಮಿಬ್ಬರಿಗೆ ಸರಿಬಂದಿಲ್ಲ. ಸರಿಪಡಿಸಿಕೊಳ್ಳುವ ಅಗತ್ಯವೂ ಯಾರಿಗೂ ಕಂಡಿಲ್ಲ. ಬುಕ್ಕಾಂಬುಧಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಬೆಳಿಗ್ಗೆ ಅವರ ಜಗಲಿಯಲ್ಲಿ ಕೂತು ಒಂದೇ ಪೇಪರನ್ನು ಇಬ್ಬರೂ ಓದಿ ಜಗಳವಾಡುವುದು ನನಗೆ ಉಳಿದಿರುವ ಏಕೈಕ ಸಾರ್ವಜನಿಕ ಜೀವನ. ಅಲ್ಲಿಗೆ ಭಾವಮೈದ ನನ್ನನ್ನು ಒಯ್ಯುತ್ತಿದ್ದ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಟೀ ಅಂಗಡಿಗೂ ಬೈಕ್ ನಿಲ್ಲಿಸಿ, "ಭಾವಂಗೆ ಕಣ್ಣು ಹೋಯ್ತು ಕಣ್ರೀ, ಇನ್ಮೇಲೆ ಎಲ್ಲಾ ನಾನೇ" ಎಂದು ಸಾರುತ್ತಿದ್ದ. ಜಗಲಿಯ ಮುಂದೆ ಇಳಿಸುವಾಗ, "ಕಾಲಿಡಿ ಭಾವ, ಹೆದರ್ಬೇಡಿ, ಅದು ನೆಲ" ಎನ್ನುತ್ತಿದ್ದ. ಆಮೇಲೆ ಹೋಗದೆ ಅಲ್ಲೇ ಕೂತು ನಮ್ಮ ಜಗಳಕ್ಕೂ ಬಾಯಿ ಹಾಕುತ್ತಿದ್ದ.

ನಿಧಾನವಾಗಿ ಹೋಗುವ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸ್ ಬೇಡ ಎಂದು ತಿಳಿದ ವಾರವೇ ನಾನು ಅದನ್ನು ಕೊಂಡೆ. ಆದ್ದರಿಂದ, ಒಂದು ಬೆಳಿಗ್ಗೆ ಮನೆಯ ಗೇಟಿನ ಮುಂದೆಯೇ ಅದು ಟಪ್ ಎಂದು ಸತ್ತಾಗ, ಸತ್ತದ್ದು ಬರೀ ಸ್ಕೂಟರಲ್ಲ. ಇನ್ನು ಮತ್ತೆ ಆ ಹಿಂದಿನ ಸೀಟು, ಮತ್ತೆ ಟೀ ಅಂಗಡಿ, ಮತ್ತೆ ನೆಲದ ಪರಿಚಯ.

ತಳ್ಳಲು ಹೋದರೆ ಚಕ್ರ ಬಿಗಿಯಾಗಿತ್ತು. ಸುದ್ದಿ ಹೇಗೆ ಮುಟ್ಟಿತೋ, ಭಾವಮೈದ ಹಾಜರಾದ. ಚಕ್ರವನ್ನು ಒಮ್ಮೆ ಒದ್ದು ತೀರ್ಪು ಕೊಟ್ಟ.

"ಬೇರಿಂಗ್ ಹಿಡ್ಕಂಡದೆ. ಒಳಗೆ ಕಾಯಿಲ್ಲೂ ಹೋಗಿರ್ತದೆ. ಅಂಗ್ಡಿಗೆ ಹೊತ್ಕಂಡು ಹೋಗಿ ಬಿಚ್ಚಿ, ಹೊಸದಾಗಿ ಸುತ್ತಿ ಕೊಡ್ತೀನಿ ಬಿಡಿ."

"ಲೇ, ಅದರ ಮೈ ಮುಟ್ಟಿದ್ರೆ ನೋಡು."

"ಹಂಗಾದ್ರೆ ನೀವೇ ಪಾಠ ಮಾಡಿ ಅದಕ್ಕೆ. ಎದ್ದು ಓಡ್ತದೆ."

ನಾನು ಪಾಠವನ್ನೇ ಮಾಡಿದೆ. ಸೈಕಲ್ ಡೈನಮೋ ಹಾಕಿ ತುಳಿದವರಿಗೆಲ್ಲ ಗೊತ್ತು, ದೀಪ ಉರಿಯತೊಡಗಿದರೆ ಪೆಡಲು ಭಾರವಾಗುತ್ತದೆ. ಈ ಮೋಟಾರಿನಿಂದ ಮೂರು ದಪ್ಪ ವೈರು ಹೊರಬಂದು ಕಂಟ್ರೋಲರ್ ಎಂಬ ತಗಡಿನ ಡಬ್ಬಿಗೆ ಸೇರುತ್ತವೆ. ಡಬ್ಬಿಯ ಒಳಗೆ ಸುಟ್ಟು ಆ ವೈರುಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ, ಚಕ್ರ ತಿರುಗಿಸಿದಾಗ ಹುಟ್ಟುವ ವಿದ್ಯುತ್ತು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಮೂರು ವೈರನ್ನೂ ಕಿತ್ತೆ. ಚಕ್ರ ಬೆರಳಿಗೆ ತಿರುಗಿತು. ಮೋಟಾರು ನಿರ್ದೋಷಿ, ಡಬ್ಬಿ ಸತ್ತಿದೆ ಎಂದು ಘೋಷಿಸಿದೆ. ಬಿಡುಗಡೆಯಾದ ಚಕ್ರವನ್ನು ಭಾವಮೈದ ಇನ್ನೊಮ್ಮೆ ಒದ್ದ. ಅದು ನನಗೆ ಬಿದ್ದ ಒದೆಯೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ಹಿಡಿದು ಕಡೂರಿಗೆ ಹೋಗಿ ಹೊಸ ಡಬ್ಬಿ ತಂದೆ. ಅದು ಬೇರೆ ಕಂಪನಿಯದು. "ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ಸಾರ್, ಮಕ್ಳಾಟ" ಎಂದಿದ್ದ ಅಂಗಡಿಯವನು. ಬಣ್ಣಕ್ಕೆ ಬಣ್ಣ ಕೂಡಿಸಿ, ಸ್ಟ್ಯಾಂಡ್ ಹಾಕಿ, ಹ್ಯಾಂಡಲಿನ ವೇಗದ ಹಿಡಿ ತಿರುಗಿಸಿದೆ. ಚಕ್ರ ಗುರ್ರೆಂದು ಒದರಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಕುಪ್ಪಳಿಸಿ, ನೊಗಕ್ಕೆ ಕತ್ತು ಕೊಡದ ಹೋರಿಯಂತೆ ನಿಂತಿತು.

ಶತ್ರುವನ್ನು ಅರ್ಥ ಮಾಡಿಕೊಳ್ಳದೆ ದ್ವೇಷಿಸುವುದು ಅಜ್ಞಾನಿಗಳ ಕೆಲಸ. ಒಂದು ಮಧ್ಯಾಹ್ನವೆಲ್ಲ ಮುಂಬಾಗಿಲ ನೆರಳಲ್ಲಿ ಕೂತು ಅದನ್ನು ಶೋಧಿಸಿದೆ. ಹಳೆಯ ಮೋಟಾರಿನಲ್ಲಿ ಯಾವ ಸುರುಳಿಗೆ ಯಾವಾಗ ವಿದ್ಯುತ್ತು ಹೋಗಬೇಕೆಂಬುದನ್ನು ಬ್ರಷ್ಷೂ ಉಂಗುರವೂ ತಾವೇ ತಿಕ್ಕಾಡಿ ಇತ್ಯರ್ಥ ಮಾಡಿಕೊಳ್ಳುತ್ತಿದ್ದವು. ಇಲ್ಲಿ ಹಾಗಿಲ್ಲ. ಒಳಗೆ ಮೂವರು ಚಾಡಿಕೋರರು ಕೂತಿದ್ದಾರೆ. ಹಾಲ್ ಸೆನ್ಸರ್ ಎಂದು ಅವರ ಹೆಸರು. ಅಯಸ್ಕಾಂತ ಈಗ ಯಾರ ಮುಂದೆ ಹಾದುಹೋಗುತ್ತಿದೆ ಎಂದು ಅವರು ಸಣ್ಣ ವೈರುಗಳ ಮೂಲಕ ಡಬ್ಬಿಗೆ ಚಾಡಿ ಹೇಳುತ್ತಾರೆ. ಆ ಚಾಡಿ ನಂಬಿ ಡಬ್ಬಿ ದಪ್ಪ ವೈರಿನಲ್ಲಿ ವಿದ್ಯುತ್ತು ಅಟ್ಟುತ್ತದೆ. ಒಬ್ಬನ ಚಾಡಿ ಇನ್ನೊಬ್ಬನ ಹೆಸರಲ್ಲಿ ಹೋದರೆ ಎಳೆಯಬೇಕಾದ ಸುರುಳಿ ತಳ್ಳುತ್ತದೆ. ಬಣ್ಣಗಳೋ, ಕಂಪನಿಕಂಪನಿಗೂ ಅವರವರ ಮನೆಯ ಅಭಿರುಚಿ. ಕೆಲವು ಡಬ್ಬಿಗಳು ಇದನ್ನೆಲ್ಲ ತಾವೇ ಕಲಿತುಕೊಳ್ಳುತ್ತವಂತೆ. ನನಗೆ ಸಿಕ್ಕಿದ್ದು ದಡ್ಡ.

ಸಣ್ಣ ವೈರುಗಳನ್ನು ಮುಟ್ಟದೆ, ದಪ್ಪ ವೈರು ಮೂರನ್ನು ಆರು ಬಗೆಯಲ್ಲಿ ಜೋಡಿಸಬಹುದು. ಒಂದೊಂದನ್ನೂ ಕೂಡಿಸಿ, ಹಿಡಿಯನ್ನು ಎಳ್ಳಷ್ಟೇ ತಿರುಗಿಸಿ, ವೈರು ಬಿಸಿಯಾಗುತ್ತದೋ ಎಂದು ಬೆರಳಲ್ಲಿ ನೋಡುತ್ತಾ ಹೋದೆ. ಕೊನೆಗೊಂದು ಜೋಡಣೆಯಲ್ಲಿ ಚಕ್ರ ಸದ್ದಿಲ್ಲದೆ, ಬಿಸಿಯಿಲ್ಲದೆ, ಬೆಣ್ಣೆಯಂತೆ ತಿರುಗಿತು. ಹಿಂದಕ್ಕೆ ತಿರುಗಿತು.

"ಹಿಂದಕ್ಕೆ ತಿರುಗ್ತಾ ಭಾವ?" ಭಾವಮೈದ ಬಾಗಿಲಲ್ಲೇ ಇದ್ದ. "ಎರಡು ವೈರು ಅದಲು ಬದಲು ಮಾಡಿ. ಮೋಟ್ರು ಉಲ್ಟಾ ತಿರುಗಿದ್ರೆ ಸಖರಾಯಪಟ್ಟಣದಿಂದ ಲಕ್ಕವಳ್ಳಿ ತನಕ ಯಾವ ಮಗೂನ್ ಕೇಳಿದ್ರೂ ಹೇಳ್ತದೆ."

ನಿಜ. ನಮ್ಮ ಸೀಮೆಯ ವೇದವಾಕ್ಯವದು. ಮೂರು ಫೇಸಿನ ಪಂಪ್ ಮೋಟಾರು ಉಲ್ಟಾ ತಿರುಗಿ ನೀರೆತ್ತದಿದ್ದರೆ ಯಾವುದಾದರೂ ಎರಡು ವೈರನ್ನು ಅದಲು ಬದಲು ಮಾಡುತ್ತಾರೆ, ನೀರು ಬರುತ್ತದೆ. ಒಂದು ಫೇಸ್ ಬರದಿದ್ದರೆ ಕಂಡೆನ್ಸರ್ ಹಾಕುತ್ತಾರೆ, ಆಗಲೂ ನೀರು ಬರುತ್ತದೆ. ಇವೆರಡು ಸೂತ್ರಗಳ ಮೇಲೆ ಒಂದು ನಾಗರಿಕತೆಯೇ ನಿಂತಿದೆ.

"ಇದು ಪಂಪಲ್ಲ ಕಣಯ್ಯ. ದಪ್ಪ ವೈರು ಮಾತ್ರ ಬದಲಿಸಿದ್ರೆ ಸಾಲದು" ಎಂದು ಹೇಳಿ ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಸ್ಕೂಟರು ಘೀಳಿಡುತ್ತಿತ್ತು. ಎರಡು ವೈರು ಬದಲಿಸಿ, ಹಿಡಿಯನ್ನು ಪೂರ್ತಿ ತಿರುಚಿ ಹಿಡಿದಿದ್ದ ಮಹಾಶಯ. ಚಕ್ರ ಅಲುಗುತ್ತಿರಲಿಲ್ಲ. ಸುಟ್ಟ ವಾಸನೆ.

"ಏನಿಲ್ಲ, ಎತ್ತೋಕೆ ಶಕ್ತಿ ಸಾಲ್ತಿಲ್ಲ ಅದಕ್ಕೆ" ಎನ್ನುತ್ತಾ ಅಂಗಿಯ ಜೇಬಿನಿಂದ ಕಂಡೆನ್ಸರ್ ತೆಗೆದ. ಸಜ್ಜಾಗಿಯೇ ಬಂದಿದ್ದ.

ನಾನು ಸೀಟು ಎತ್ತಿ, ಬ್ಯಾಟರಿಯ ಎಂಸಿಬಿ ಸ್ವಿಚ್ಚನ್ನು ಕೆಳಗೆ ಹೊಡೆದು ವಿದ್ಯುತ್ತು ಕಡಿದೆ. ಆಮೇಲೆ ನಡೆದ ಸಂಭಾಷಣೆಯ ಬಹುಭಾಗ ಅಚ್ಚಿಗೆ ಯೋಗ್ಯವಲ್ಲ.

"ಕಂಡೆನ್ಸರ್ ಹಾಕಿದ್ರೆ ಈ ಡಬ್ಬೀನೂ ಸಾಯ್ತದೆ ಕಣೋ ಕಟುಕ!"

"ಸಾಯ್ಲಿ ಬಿಡಿ! ನಾನಿಲ್ವಾ ಕರ್ಕಂಡು ಹೋಗೋಕೆ?"

ಅವನ ಬಾಯಿಂದ ನಿಜ ಜಾರಿದ್ದು ಆಗಲೇ. ಅವನಿಗೂ ಅದು ಕೇಳಿಸಿತು. ಒಳಗಿಂದ ನನ್ನ ಹೆಂಡತಿ ಬಂದು, "ಲೋ, ಆ ಕಂಡೆನ್ಸರ್ರು ಜೇಬಿಗೆ ಹಾಕ್ಕಂಡು ಮನೆಗೆ ಹೋಗು. ರೀ, ನೀವೂ ಅಷ್ಟೆ, ಬಾಯಿ ಮುಚ್ಚಿ ಕೆಲಸ ನೋಡಿ" ಎಂದಳು. ಅವನು ಹೋದ. ಕಾಂಪೌಂಡಿನ ಆಚೆ ನಿಂತ.

ಡಬ್ಬಿ ತಣ್ಣಗಾಗುವ ತನಕ ಕಾದೆ. ದಿಕ್ಕು ಬದಲಾಗಬೇಕಾದರೆ ಚಾಡಿಕೋರರ ಜಾಗವೂ ಬದಲಾಗಬೇಕು. ಸಣ್ಣ ವೈರುಗಳಲ್ಲಿ ಹಸಿರು, ನೀಲಿ ಎರಡನ್ನು ಅದಲು ಬದಲು ಮಾಡಿ, ದಪ್ಪ ವೈರುಗಳ ಸರಿಯಾದ ಜೋಡಣೆಯನ್ನು ಮತ್ತೆ ಮೊದಲಿನಿಂದ ಹುಡುಕಿದೆ. ಒದರಿತು, ಕುಪ್ಪಳಿಸಿತು, ಬಿಸಿಯಾಯಿತು. ಹೆಚ್ಚಿನ ಅವಮಾನವೇನೂ ಬಾಕಿ ಇಲ್ಲವೆನ್ನಿಸಿದಾಗ ಮುಂದಕ್ಕೆ ತಿರುಗಿತು. ಮೆತ್ತಗೆ, ತಣ್ಣಗೆ.

ಕಾಂಪೌಂಡಿನ ಆಚೆಯಿಂದ ಧ್ವನಿ ಬಂತು: "ಎರಡು ವೈರು ಅದಲು ಬದಲು ಅಂತ ಯಾರ್ ಹೇಳಿದ್ದು?"

ಮರುದಿನ ಬೆಳಿಗ್ಗೆ, ಏನೂ ಆಗಿಲ್ಲವೆಂಬಂತೆ, ಬೈಕು ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯಿತು. ನಾನು ಹೆಲ್ಮೆಟ್ ಧರಿಸಿ, ಸ್ಕೂಟರನ್ನು ಹೊರಗೆ ತಂದು, ಅವನ ಪಕ್ಕದಲ್ಲೇ ನಿಲ್ಲಿಸಿದೆ. ಅವನು ನನ್ನನ್ನು ನೋಡಲಿಲ್ಲ. ಹಿಂದಿನ ಸೀಟಿನ ಧೂಳನ್ನು ಅಂಗೈಯಲ್ಲಿ ಒರೆಸುತ್ತಾ ನಿಂತ. ಅಷ್ಟರಲ್ಲಿ ಹೆಂಡತಿ ಬ್ಯಾಗು ಹಿಡಿದು ಹೊರಬಂದು, ಬಾಗಿಲಿಗೆ ಬೀಗ ಹಾಕಿ, ಆ ಸೀಟಿನ ಮೇಲೆ ಕೂತುಬಿಟ್ಟಳು.

"ನಡಿಯೋ, ತರೀಕೆರೆಗೆ. ಈ ಸೀಟಿಂದ ಇವ್ರು ಇಳಿಯೋದನ್ನೇ ಕಾಯ್ತಿದ್ದೆ."

"ಎಲ್ಲಿಗಕ್ಕ?"

"ಎಲ್ಲಿಗಾದ್ರೂ."

"ಮಧ್ಯಾಹ್ನಕ್ಕೆ ಊಟ?" ಎಂದು ಕೇಳಿದೆ.

"ಸ್ವತಂತ್ರರಾದ್ರಲ್ಲ. ಹೋದ ಕಡೆ ಮಾಡ್ಕೊಳ್ಳಿ."

ಭಾವಮೈದನ ಮುಖ ಅರಳಿತು. ಬೈಕು ಹೊಗೆಯುಗುಳಿ ಹೊರಟಿತು. ಬೀಗದ ಕೈ ಅವಳ ಬ್ಯಾಗಿನಲ್ಲಿತ್ತು. ಬೈಯಲು ಮೋಟಾರಾದರೂ ಒಂದು ನೆಪ ಕೊಡುತ್ತದೆಯೋ ಎಂದು ಹಿಡಿ ತಿರುಗಿಸಿದೆ. ಅದು ಸುಮ್ಮನೆ ಮುಂದಕ್ಕೆ ಹೋಯಿತು.